ಬಾವಿಯ ಮುಯ್ಯಿ

ನಮ್ಮ ಕಡೆಯ ಹಳೆಯ ಮದುವೆಗಳಲ್ಲಿ ಚಪ್ಪರದ ಒಂದು ಮೂಲೆ ಮುಯ್ಯಿ ಬರೆಯುವವರಿಗೆ ಮೀಸಲು. ಅಕ್ಷರ ಬಲ್ಲ, ನಾಲ್ಕು ಜನ ನಂಬುವಂಥ ಒಬ್ಬ ನೆಂಟರು ಅಲ್ಲಿ ಚಾಪೆಯ ಮೇಲೆ ಕೂತಿರುತ್ತಿದ್ದರು. ಮುಂದೆ ಒಂದು ಉದ್ದನೆಯ ಪುಸ್ತಕ, ಪಕ್ಕದಲ್ಲಿ ತಟ್ಟೆ. ಬಂದವರು ಕೈಲಾದದ್ದನ್ನು ಕೊಟ್ಟು ಹೆಸರು ಹೇಳಿ ಬರೆಸುವರು: ಇಂಥ ಊರಿನ ಇಂಥವರು, ಐದು ರೂಪಾಯಿ; ಇಂಥವರು, ಒಂದು ಪಂಚೆ; ಇಂಥವರು, ಹತ್ತು ಸೇರು ಅಕ್ಕಿ. ಮದುವೆ ಮುಗಿದ ಮೇಲೆ ಆ ಪುಸ್ತಕ ಮನೆಯ ಪೆಟ್ಟಿಗೆ ಸೇರುತ್ತಿತ್ತು. ಮುಂದೆ ಆ ನೆಂಟರ ಮನೆಯಲ್ಲಿ ಶುಭಕಾರ್ಯವಾದಾಗ ಹೊರತೆಗೆದು ನೋಡಿ, ಅವರು ಕೊಟ್ಟದ್ದಕ್ಕಿಂತ ಕಡಿಮೆಯಾಗದಂತೆ, ಆದರೆ ಒಂದು ರೂಪಾಯಿ ಹೆಚ್ಚಾಗುವಂತೆ, ಹಿಂದಿರುಗಿಸುವುದು. ಸಾಲವೂ ಅಲ್ಲ, ದಾನವೂ ಅಲ್ಲ. ಇದಕ್ಕೆ ಸರಿಯಾದ ಇನ್ನೊಂದು ಹೆಸರು ನನಗೆ ಹೊಳೆದಿಲ್ಲ.

ಹೊಲದ ಕೆಲಸದಲ್ಲೂ ಇದೇ ಮಾತು. ಇವತ್ತು ನಮ್ಮ ಹೊಲದ ಕಳೆಗೆ ನೀವು ಬಂದರೆ ನಾಡಿದ್ದು ನಿಮ್ಮ ಹೊಲದ ಕೊಯ್ಲಿಗೆ ನಾವು. ಕೂಲಿಯಿಲ್ಲ, ಊಟ ಉಂಟು. ಅಂಥ ಆಳಿಗೆ ಮುಯ್ಯಾಳು ಎಂದು ಹೆಸರು. ಇದೇ ಪದವನ್ನು ಕನ್ನಡದವರು ಇನ್ನೊಂದು ಅರ್ಥದಲ್ಲೂ ಬಳಸುತ್ತಾರೆ. ಹಗೆ ತೀರಿಸಿಕೊಳ್ಳುವುದಕ್ಕೂ ನಾವು ಮುಯ್ಯಿ ತೀರಿಸಿಕೊಂಡ ಎಂದೇ ಹೇಳುತ್ತೇವಲ್ಲವೆ? ಪಡೆದ ಉಪಕಾರವನ್ನು ಹಿಂದಿರುಗಿಸುವುದಕ್ಕೂ ತಿಂದ ಪೆಟ್ಟನ್ನು ಹಿಂದಿರುಗಿಸುವುದಕ್ಕೂ ನಮ್ಮ ಹಿರಿಯರು ಒಂದೇ ಪದ ಇಟ್ಟರು. ನಲವತ್ತು ವರ್ಷ ಮಕ್ಕಳಿಗೆ ಕನ್ನಡ ಹೇಳಿಕೊಟ್ಟ ನಾನು ಇದನ್ನು ಬಹಳ ಕಾಲ ಒಂದು ಭಾಷೆಯ ತಮಾಷೆ ಎಂದುಕೊಂಡಿದ್ದೆ. ಅದು ತಮಾಷೆಯಷ್ಟೇ ಅಲ್ಲ ಎಂದು ತೋರಿಸಿಕೊಟ್ಟದ್ದು ಒಂದು ಹಾಳು ಬಾವಿ.

ಬಾವಿ ನಮ್ಮ ಯಜಮಾನರ ಊರಿನದು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಒಳಗಿರುವ ಹಳ್ಳಿ. ನಮ್ಮದು ನದಿಗಳು ಹುಟ್ಟುವ ಸೀಮೆ, ಹರಿಯುವ ಸೀಮೆಯಲ್ಲ. ನಂದಿ ಬೆಟ್ಟದ ಸಾಲಿನಲ್ಲೂ ಅದರ ಆಸುಪಾಸಿನಲ್ಲೂ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಹುಟ್ಟುತ್ತವೆ. ಹುಟ್ಟಿ, ಬೇರೆಯವರ ಊರಿಗೆ ಹೋಗಿ ದೊಡ್ಡವರಾಗುತ್ತವೆ. ದೋಣಿ ಎನ್ನುವುದನ್ನು ನಮ್ಮ ಮಕ್ಕಳು ಪುಸ್ತಕದ ಚಿತ್ರದಲ್ಲೇ ನೋಡಬೇಕು. ನಮಗಿದ್ದದ್ದು ಕೆರೆ, ಕುಂಟೆ, ಬಾವಿ.

ಈ ಬಾವಿಯನ್ನು ತೋಡಿಸಿದ್ದು ಇವರ ಮುತ್ತಾತ. (ಗಂಡನನ್ನು 'ಇವರು' ಎಂದೇ ಬರೆಯುತ್ತೇನೆ, ನಮ್ಮ ತಲೆಮಾರಿನ ಹೆಂಗಸರಿಗೆ ಕೈ ಹಾಗೆಯೇ ತಿರುಗುತ್ತದೆ.) ಮೂವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ, ನಲವತ್ತೆರಡು ಅಡಿ ಆಳದ ಚೌಕ ಬಾವಿ. ಮೇಲಿನ ಹದಿನೈದು ಅಡಿ ಕಲ್ಲು ಕಟ್ಟಡ, ಅದರ ಕೆಳಗೆ ಕೊರೆದ ಬಂಡೆ. ಗೋಡೆಯಿಂದ ಹೊರಕ್ಕೆ ಚಾಚಿದ ಉದ್ದನೆಯ ಕಲ್ಲುಗಳೇ ಮೆಟ್ಟಿಲು. ದಡದಲ್ಲಿ ಕಪಿಲೆಯ ಎರಡು ಕಲ್ಲು ಕಂಬ ಇನ್ನೂ ನಿಂತಿವೆ; ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಚರ್ಮದ ಬಾನಿ ಮೇಲೆ ಬಂದು ನೀರು ಸುರಿಯುತ್ತಿದ್ದದ್ದನ್ನು ಇವರು ಚಿಕ್ಕವರಿದ್ದಾಗ ನೋಡಿದ್ದಾರೆ. ಆಮೇಲೆ ಕರೆಂಟು ಬಂತು, ಮೋಟರು ಬಂತು. ಅದರ ಹಿಂದೆಯೇ ಕೊಳವೆ ಬಾವಿ ಬಂತು. ಎಂಬತ್ತರ ದಶಕದಲ್ಲಿ ಈ ಬಾವಿ ಬತ್ತಿತು. ಅದೊಂದೇ ಅಲ್ಲ, ಕೋಲಾರ–ಚಿಕ್ಕಬಳ್ಳಾಪುರ ಸೀಮೆಯ ತೆರೆದ ಬಾವಿಗಳು ಒಂದರ ಹಿಂದೊಂದು ಬತ್ತಿದವು. ಕೆರೆಗಳಲ್ಲಿ ಹೂಳು, ದಿನ್ನೆಗಳ ಮೇಲೆ ನೀಲಗಿರಿ, ನೆಲದೊಳಗೆ ಸಾವಿರ ಅಡಿ ದಾಟಿದ ಕೊಳವೆಗಳು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟು ಹೊತ್ತಿಗೆ ಬಾವಿ ಎಂದರೆ ಕಸ ಹಾಕುವ ಗುಂಡಿ ಎಂದು ತಿಳಿದ ಒಂದು ತಲೆಮಾರೇ ಬೆಳೆದಿತ್ತು.

ನಾವಿಬ್ಬರೂ ನಿವೃತ್ತರಾಗಿ ಊರಿನ ಮನೆಗೆ ಬಂದು ಸೇರಿದಾಗ ಎಲ್ಲರೂ ಒಂದೇ ಮಾತು ಹೇಳಿದರು: ಅದನ್ನು ಮುಚ್ಚಿಸಿಬಿಡಿ, ಮಕ್ಕಳು ಬಿದ್ದಾವು. ಇವರು ಮುಚ್ಚಿಸಲಿಲ್ಲ. ಯಾಕೆ ಎಂದರೆ ಒಂದು ಸರಿಯಾದ ಕಾರಣವನ್ನೂ ಹೇಳಲಿಲ್ಲ. 2019ರ ಮಾಘದಲ್ಲಿ ಒಂದು ದಿನ ಕುಡುಗೋಲು ಹಿಡಿದು ಬಾವಿಯ ಸುತ್ತ ಬೆಳೆದ ಲಾಂಟಾನ ಸವರಲು ಹೋದರು. ಒಬ್ಬರನ್ನೇ ಬಿಡಲಾಗದೆ ನಾನೂ ಹೋದೆ. ಅರವತ್ತು ದಾಟಿದ ಇಬ್ಬರು ಮೇಷ್ಟ್ರುಗಳು ಮುಳ್ಳು ಸವರುತ್ತಿರುವುದನ್ನು ನೋಡಲು ಊರಿನ ಅರ್ಧ ಜನ ಬಂದು ಹೋದರೆಂದು ಕಾಣುತ್ತದೆ.

ಆಮೇಲೆ ಗೆಳೆಯರು ಬಂದರು. ಕರೆದದ್ದಕ್ಕಲ್ಲ, ಸುದ್ದಿ ಕೇಳಿ ಬಂದರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಸಾಹೇಬರೊಬ್ಬರು ಇವರಿಗೆ ಮೂವತ್ತು ವರ್ಷದ ಸ್ನೇಹಿತರು, ಅವರ ಮೂವರು ಮಕ್ಕಳೂ ಇವರ ಕೈಯಲ್ಲಿ ಲೆಕ್ಕ ಕಲಿತವರು. ಗೂಡಿನ ಮಾರುಕಟ್ಟೆಯ ಕೆಲಸ ಮುಗಿಸಿ ಭಾನುವಾರ ಬರುವರು. ಬರುವಾಗ ಹತ್ತು ಜನಕ್ಕೆ ಆಗುವಷ್ಟು ಅನ್ನದ ಡಬರಿ ಗಾಡಿಯಲ್ಲಿರುತ್ತಿತ್ತು. ಗೌರಿಬಿದನೂರಿನಿಂದ ನನ್ನ ಹಾಸ್ಟೆಲಿನ ಗೆಳತಿ ಬಂದು ಹದಿನೈದು ದಿನ ಇದ್ದಳು. ಚಿಂತಾಮಣಿಯ ಇಬ್ಬರು ಹಳೆಯ ಶಿಷ್ಯರು ಡೀಸೆಲ್ ಎಂಜಿನಿನ ಕ್ರೇನು ತಂದು ನಿಲ್ಲಿಸಿದರು. ಮೇಲಿನ ಹೂಳನ್ನು ಯಂತ್ರ ಎತ್ತಿತು. ಕೆಳಗಿನ ಹನ್ನೆರಡು ಅಡಿಯನ್ನು ಮನುಷ್ಯರೇ ಇಳಿದು ಬಾಂಡಲಿಗೆ ತುಂಬಬೇಕಾಯಿತು. ಅದರಲ್ಲಿ ಸಿಕ್ಕ ಸಾಮಾನು ಒಂದು ಸಂಸಾರಕ್ಕೆ ಸಾಕು: ಹಿತ್ತಾಳೆ ಕೊಡ ಎರಡು, ಒಂದು ಸೈಕಲ್ಲು, ಲೆಕ್ಕವಿಲ್ಲದಷ್ಟು ಚಪ್ಪಲಿ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಕೆಲಸ ನಿಂತಿತು. ಮತ್ತೆ ಶುರುವಾದದ್ದೂ ಅದರಿಂದಲೇ ಎನ್ನಬಹುದು. ಬೆಂಗಳೂರಿನ ಕಾರ್ಖಾನೆಗಳಿಂದ ಕೆಲಸವಿಲ್ಲದೆ ಊರಿಗೆ ಬಂದ ಏಳೆಂಟು ಹುಡುಗರು ಸುಮ್ಮನೆ ಕೂರಲಾರದೆ ಬಾವಿಗೆ ಇಳಿದರು. ಅದೇ ದಿನಗಳಲ್ಲಿ ಜಿಲ್ಲೆಯ ಹಲವು ಊರುಗಳಲ್ಲಿ ಉದ್ಯೋಗ ಖಾತ್ರಿಯ ಕೂಲಿ ಕೊಟ್ಟು ಹಳೆಯ ಕಲ್ಯಾಣಿಗಳ ಹೂಳು ತೆಗೆಸಿದರು. ಬಹಳ ಒಳ್ಳೆಯ ಕೆಲಸ. ಅಲ್ಲಿ ದಿನದ ಕೂಲಿ ದಿನಕ್ಕೆ ಸಂದಿತು. ಯಾರಿಗೂ ಯಾರ ಹಂಗೂ ಉಳಿಯಲಿಲ್ಲ. ನಮ್ಮ ಬಾವಿಯಲ್ಲಿ ಹಾಗಾಗಲಿಲ್ಲ, ಅದೇ ತೊಡಕು.

ಲೆಕ್ಕದ ಮೇಷ್ಟ್ರಾದ ಇವರು ಮೊದಲ ದಿನದಿಂದ ಒಂದು ಪುಸ್ತಕ ಇಟ್ಟಿದ್ದರು. ತಾರೀಕು, ಹೆಸರು, ಎಷ್ಟು ಹೊತ್ತು, ಏನು ಕೆಲಸ. ಇದು ಮುಯ್ಯಿ ಪುಸ್ತಕ, ಒಬ್ಬೊಬ್ಬರಿಗೂ ಅವರವರ ಕಾಲಕ್ಕೆ ಹಿಂದಿರುಗಿಸಬೇಕು ಎಂದರು. ನಾನು ಬೇಡವೆಂದೆ. ಬೇಡ ಎನ್ನಲು ಮೊದಲು ನನ್ನಲ್ಲಿದ್ದದ್ದು ಒಂದು ಸಂಕೋಚ ಅಷ್ಟೇ. ವಾದ ಆಮೇಲೆ ಹುಟ್ಟಿತು.

ಚಿಕ್ಕಬಳ್ಳಾಪುರದಲ್ಲಿರುವ ಎಂಜಿನಿಯರೊಬ್ಬರು, ಅವರೂ ಸ್ನೇಹಿತರೇ, ಒಂದೇ ಒಂದು ಸಲ ಬಂದಿದ್ದರು. ಕುಸಿದ ಗೋಡೆಯನ್ನು ಸಿಮೆಂಟು ಹಾಕಿ ಭದ್ರವಾಗಿ ಕಟ್ಟಿಸಬೇಕೆಂದು ನಾವು ಅಂದುಕೊಂಡಿದ್ದೆವು. ಅವರು ನೋಡಿ, ಸಂದಿಗೆ ಸಿಮೆಂಟು ಮೆತ್ತಬೇಡಿ, ಹಿಂದಿನವರು ಒಣಗಲ್ಲನ್ನೇ ಜೋಡಿಸಿದ್ದು ತಿಳಿಯದೆ ಅಲ್ಲ ಎಂದರು. ಮಳೆಗಾಲದಲ್ಲಿ ಮೇಲ್ಮಣ್ಣಿನ ನೀರು ಕಲ್ಲಿನ ಸಂದಿಗಳಿಂದ ಬಾವಿಗೆ ಇಳಿಯುತ್ತದೆ. ಸಂದಿ ಮುಚ್ಚಿದರೆ ನೀರು ಗೋಡೆಯ ಹಿಂದೆ ನಿಂತು ಒತ್ತುತ್ತದೆ. ಬಾವಿಗೆ ನೀರೂ ಇಲ್ಲ, ಗೋಡೆಗೆ ಆಯಸ್ಸೂ ಇಲ್ಲ. ಇಷ್ಟು ಹೇಳಿ, ಮಜ್ಜಿಗೆ ಕುಡಿದು ಹೋದರು. ಪುಸ್ತಕದಲ್ಲಿ ಇವರ ಹೆಸರಿನ ಮುಂದೆ ಅರ್ಧ ಗಂಟೆ ಎಂದಿದೆ. ಬಾವಿ ಉಳಿದದ್ದು ಆ ಅರ್ಧ ಗಂಟೆಯಿಂದ.

ಹಾಗೆಯೇ ಕೆಳಗಿನ ಕೇರಿಯ ಅಜ್ಜಿಯೊಬ್ಬರು. ತೊಂಬತ್ತರ ಹತ್ತಿರದವರು. ಕೋಲೂರಿಕೊಂಡು ಬಂದು ದಡದಲ್ಲಿ ಕೂತು, ಮೂಡಲ ಮೂಲೆಯಲ್ಲಿ ಒಂದು ಒರತೆ ಇತ್ತು, ನಾವು ಅಲ್ಲೇ ಬೊಗಸೆಯಲ್ಲಿ ಕುಡಿಯುತ್ತಿದ್ದೆವು ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳಿದರು. ಹುಡುಗರು ಅಲ್ಲಿ ಅಗೆದಾಗ ಮೊದಲ ತೇವ ಕಂಡಿತು. ಇದಕ್ಕೆ ಎಷ್ಟು ಆಳು ಎಂದು ಬರೆಯೋಣ? ನನ್ನ ಗೆಳತಿ ಹೂಳು ಹೊತ್ತದ್ದು ನಾಲ್ಕು ದಿನ. ಮಿಕ್ಕ ಹನ್ನೊಂದು ದಿನ ಅವಳು ಮಾಡಿದ ಕೆಲಸ ಎಂದರೆ, ನಾವಿಬ್ಬರೂ ದಣಿದು ಒಬ್ಬರ ಮೇಲೊಬ್ಬರು ರೇಗುತ್ತಿದ್ದಾಗ ನಡುವೆ ಕೂತು ನಗಿಸಿದ್ದು. ಅದು ಪುಸ್ತಕದಲ್ಲಿಲ್ಲ.

ವೇದಕಾಲದವರು ಮನುಷ್ಯ ಹುಟ್ಟುತ್ತಲೇ ಸಾಲಗಾರ ಎಂದರು. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರನ್ನು ಎಲ್ಲರೂ ಕೇಳಿರುತ್ತೇವೆ. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೂ ಒಂದಿದೆ, ಮನುಷ್ಯಋಣ. ಅದರ ಮಾತು ಅಷ್ಟಾಗಿ ಬರುವುದಿಲ್ಲ. ಅದನ್ನು ತೀರಿಸುವ ಬಗೆ ಎಂದರೆ ಬಂದವರಿಗೆ ಇರಲು ಜಾಗ, ಉಣ್ಣಲು ಅನ್ನ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಯಾರು ನಿನಗೆ ಉಣ್ಣಿಸಿದರೋ ಅವರಿಗೇ ಉಣ್ಣಿಸು ಎಂದು ಅದು ಹೇಳುವುದಿಲ್ಲ. ಋಣ ಒಬ್ಬರಿಂದ, ತೀರಿಕೆ ಇನ್ನೊಬ್ಬರಿಗೆ. ಇದು ಯಾವ ಪುಸ್ತಕದಲ್ಲೂ ಜಮಾ ಖರ್ಚು ತಾಳೆಯಾಗದ ಲೆಕ್ಕ. ಇವರಿಗೆ ಹಿಡಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ರೋಮಿನ ಸೆನೆಕ ಉಪಕಾರದ ಮೇಲೇ ಒಂದು ದೊಡ್ಡ ಗ್ರಂಥ ಬರೆದ. ಪಡೆದ ಉಪಕಾರವನ್ನು ಹೇಗಾದರೂ ಬೇಗ ತೀರಿಸಿಬಿಡಬೇಕೆಂದು ಹಾತೊರೆಯುವವನ ಮನಸ್ಸು ಕೃತಜ್ಞನದಲ್ಲ, ಸಾಲಗಾರನದು ಎಂಬುದು ಅವನ ಅಭಿಪ್ರಾಯ. ಇದನ್ನು ಓದಿದಾಗ ಮುಯ್ಯಿ ಎಂಬ ಪದಕ್ಕೆ ಎರಡು ಅರ್ಥ ಯಾಕೆ ಎಂಬುದು ನನಗೆ ತಿಳಿದ ಹಾಗಾಯಿತು. ಎರಡರಲ್ಲೂ ಇರುವುದು ಒಂದೇ ಆತುರ: ನಿನಗೂ ನನಗೂ ಇನ್ನು ಲೆಕ್ಕ ಚುಕ್ತಾ. ಚುಕ್ತಾ ಆದ ಮೇಲೆ ಹಗೆಗಳು ಬೇರೆಯಾಗುತ್ತಾರೆ, ಸರಿ. ಸ್ನೇಹಿತರೂ ಬೇರೆಯಾಗಬೇಕೇ? ಮದುವೆಯ ಮುಯ್ಯಿಯಲ್ಲಿ ಒಂದು ರೂಪಾಯಿ ಹೆಚ್ಚು ಹಾಕುತ್ತಿದ್ದದ್ದು ಬಹುಶಃ ಇದಕ್ಕೇ, ಲೆಕ್ಕ ಎಂದೂ ಸಮವಾಗಬಾರದು ಎಂದು. ನಾನು ಹೀಗೆಂದಾಗ ಇವರು ಹೇಳಿದ ಮಾತನ್ನೂ ಬರೆಯುವುದು ನ್ಯಾಯ. "ಲೆಕ್ಕ ಇಡದವರಿಗೆ ಎಲ್ಲರೂ ಸಮಾನ, ಒಪ್ಪಿದೆ. ಆದರೆ ಮರೆಯುವುದೂ ಅವರಿಗೇ ಸುಲಭ. ಕೂಲಿಯವನ ದಿನವನ್ನು ಬರೆದಿಡದ ದೊಡ್ಡಮನುಷ್ಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ." ಇದಕ್ಕೆ ನನ್ನಲ್ಲಿ ಇವತ್ತಿಗೂ ಪೂರ್ತಿ ಉತ್ತರವಿಲ್ಲ. ಪುಸ್ತಕ ಮುಂದುವರಿಯಿತು.

ಕಲ್ಲಿನ ಕೆಲಸಕ್ಕೆ ಬಂದವರು ನಮ್ಮ ಹೊಲದ ಕೆಳಗೇ ಅರ್ಧ ಎಕರೆ ಹಿಪ್ಪುನೇರಳೆ ಇಟ್ಟುಕೊಂಡಿದ್ದ ಬೋವಿಯವರು. ತಾತ ಮುತ್ತಾತಂದಿರಿಂದ ಬಾವಿ ತೋಡಿದ, ಕಲ್ಲು ಕಟ್ಟಿದ ಮನೆತನ. ಈ ಬಾವಿಯ ಮೊದಲ ಕಲ್ಲನ್ನೂ ತಮ್ಮವರೇ ಇಟ್ಟದ್ದು ಎಂದು ಅವರ ನಂಬಿಕೆ. ಕೂಲಿ ಗೊತ್ತುಮಾಡಿಕೊಂಡೇ ಕೆಲಸ ಶುರುಮಾಡಿದರು. ಕೊನೆಯ ಎರಡು ವಾರ ನಮ್ಮ ಕೈಯಲ್ಲಿ ದುಡ್ಡು ಮುಗಿದಿರುವುದನ್ನು ಕಂಡು, ಕೇಳದೆ, ಹೇಳದೆ, ಕೆಲಸ ಮುಂದುವರಿಸಿದರು. ಆಮೇಲೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಕಲ್ಲುಗಳದೇ ಒಂದು ಕಥೆ. ಬಾವಿ ಬತ್ತಿದ ಮೇಲೆ ಅದರ ದಡದ ಕಲ್ಲುಗಳನ್ನು ಊರವರು ಬೇಕುಬೇಕಾದ ಕಡೆಗೆ ಸಾಗಿಸಿದ್ದರು. ಒಬ್ಬರ ಕೊಟ್ಟಿಗೆಯ ಪಾಯ, ಇನ್ನೊಬ್ಬರ ಜಗಲಿ. ಎರಡು ಮೆಟ್ಟಿಲುಗಲ್ಲುಗಳು ಇವರ ದಾಯಾದಿಗಳ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲುಗಳಾಗಿದ್ದವು. ಗ್ರೀಕರಲ್ಲಿ ಒಂದು ಹಡಗಿನ ಚರ್ಚೆ ಇದೆ, ಪ್ಲೂಟಾರ್ಕ್ ಬರೆದಿಟ್ಟದ್ದು. ವೀರ ಥೀಸಿಯಸನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದರಂತೆ, ಕೊಳೆತ ಹಲಗೆಯನ್ನು ತೆಗೆದು ಹೊಸದನ್ನು ಹಾಕುತ್ತ. ಎಲ್ಲ ಹಲಗೆಯೂ ಬದಲಾದ ಮೇಲೆ ಅದು ಅದೇ ಹಡಗೋ, ಬೇರೆಯದೋ? ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಹಾಬ್ಸ್ ಇದಕ್ಕೆ ಇನ್ನೊಂದು ಗಂಟು ಹಾಕಿದ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ? ಹಾಬ್ಸನ ಮಾತಿನಂತೆ ಹೋದರೆ ನಮ್ಮ ಬಾವಿಯ ಒಂದು ಪಾಲು ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿಸಿಕೊಂಡು ನಿಂತಿತ್ತು.

ಹಡಗಿಗಾದರೂ ಹಲಗೆಗಳಿವೆ. ಬಾವಿ ಎಂದರೆ ಏನು? ಕಲ್ಲಿನ ನಡುವೆ ಇರುವ ಬಯಲು. ಇಲ್ಲದಿರುವುದೇ ಬಾವಿ. ಅದರ ಹಳೆಯ ಕಲ್ಲುಗಳಲ್ಲಿ ಅರ್ಧಕ್ಕರ್ಧ ಹೋಗಿ ಬೇರೆ ಬಂಡೆಯಿಂದ ಸೀಳಿದ ಕಲ್ಲು ಬಂತು, ನೀರಂತೂ ಹೊಸದು. ಆದರೂ ಆ ಅಜ್ಜಿ ದಡದಲ್ಲಿ ನಿಂತು ನಮ್ಮ ಬಾವಿ ಎಂದರು. ಈ ಮಾತು ನಮ್ಮ ಜನಕ್ಕೆ ಹೊಸದಲ್ಲ. ನಂದಿಯ ಭೋಗನಂದೀಶ್ವರ ದೇವಾಲಯದ ಪ್ರಸ್ತಾಪ 806ರ ಶಾಸನದಲ್ಲಿದೆ. ಆಮೇಲೆ ಚೋಳರು ಸೇರಿಸಿದರು, ಹೊಯ್ಸಳರು ಸೇರಿಸಿದರು, ವಿಜಯನಗರದವರು ಮಂಟಪಗಳನ್ನು ಕಟ್ಟಿದರು. ಯಾವುದು ಮೂಲ ಗುಡಿ ಎಂದು ಕೈಮುಗಿಯುವವರು ಕೇಳುವುದಿಲ್ಲ. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥಕ್ಕೆ ಆ ಹೆಸರು ತಂದ ಮಹಾವೃಕ್ಷ 2001ರಲ್ಲಿ ಉರುಳಿಬಿತ್ತು. ಮರ ಬಿದ್ದಿತೆಂದು ಜನ ಹೋಗುವುದನ್ನು ಬಿಡಲಿಲ್ಲ, ಊರಿನ ಹೆಸರೂ ಬದಲಾಗಲಿಲ್ಲ. ಒಂದು ವಸ್ತು ಅದೇ ಆಗಿ ಉಳಿಯುವುದು ಅದನ್ನು ಅರಸಿಕೊಂಡು ಬರುವವರಿಂದ ಎಂದು ನನಗೆ ತೋರುತ್ತದೆ. ನಮ್ಮ ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳ ಜೊತೆಗೆ, ತಾನು ಕೊಟ್ಟ ದಾನಕ್ಕಿಂತ ಮತ್ತೊಬ್ಬರು ಕೊಟ್ಟದ್ದನ್ನು ಕಾಪಾಡುವುದೇ ಹೆಚ್ಚಿನದು ಎಂಬ ಮಾತೂ ಇರುತ್ತದೆ. ದಾಯಾದಿಗಳು ಇದನ್ನು ಓದಿದ್ದರೆಂದಲ್ಲ. ಒಂದು ಬೆಳಗ್ಗೆ ತಾವಾಗಿಯೇ ಆ ಎರಡು ಮೆಟ್ಟಿಲುಗಲ್ಲುಗಳನ್ನು ಟ್ರಾಕ್ಟರಿನಲ್ಲಿ ತಂದು ಇಳಿಸಿದರು. ಸೋಪಿನ ಜಿಡ್ಡು ಹೋಗಲು ಒಂದು ಮಳೆಗಾಲ ಬೇಕಾಯಿತು.

ಆ ಮಳೆಗಾಲ 2021ರದು. ಕಾರ್ತಿಕದ ಮಳೆ ನವೆಂಬರಿನಲ್ಲಿ ಸುರಿದ ರೀತಿಯನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಬರಿದಾಗಿ ಜಾಲಿ ಬೆಳೆದಿದ್ದ ಕೆರೆಗಳು ಕೋಡಿ ಬಿದ್ದವು. ಒಂದು ರಾತ್ರಿ ನಮ್ಮ ಬಾವಿಯಿಂದ ಸಣ್ಣ ಸದ್ದು ಕೇಳತೊಡಗಿತು. ಬೆಳಗ್ಗೆ ಹೋಗಿ ನೋಡಿದರೆ ಕಲ್ಲಿನ ಸಂದುಸಂದುಗಳಿಂದ ನೀರು ಜಿನುಗುತ್ತಿತ್ತು, ಎಂಜಿನಿಯರು ಹೇಳಿದ್ದ ಹಾಗೆಯೇ. ವಾರದಲ್ಲಿ ಹದಿನೆಂಟು ಅಡಿ ನಿಂತಿತು.

ನೀರು ಬಂದ ಮೇಲೆ ನಿಜವಾದ ಪ್ರಶ್ನೆ ಬಂತು. ಹೂಳು ಇರುವವರೆಗೆ ಬಾವಿ ಯಾರದು ಎಂದು ಯಾರೂ ಕೇಳಿರಲಿಲ್ಲ.

ಪಹಣಿಯಲ್ಲಿ ಇವರ ಹೆಸರಿದೆ. ಬೆಂಗಳೂರಿನಿಂದ ಮಗ ಫೋನು ಮಾಡಿ, ಮೋಟರು ಇಟ್ಟು ಹನಿ ನೀರಾವರಿ ಮಾಡಿದರೆ ಎರಡು ಎಕರೆ ಸೊಪ್ಪು ಬೆಳೆಯಬಹುದು ಎಂದ. ತಪ್ಪೇನಿಲ್ಲ. ಆದರೆ ಅಷ್ಟರಲ್ಲಿ ಊರಿನ ಹೆಂಗಸರು ಕೊಡ ಹಿಡಿದು ಬರತೊಡಗಿದ್ದರು. ನಮ್ಮಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡು. ಶುದ್ಧ ನೀರಿನ ಘಟಕ ಕೆಟ್ಟು ನಿಂತ ದಿನ ಕುಡಿಯಲು ಬೇರೆ ಗತಿಯಿಲ್ಲ. ಮೋಟರು ಇಟ್ಟರೆ ಅವರು ಬರಲಾರರು. ಅವರು ಬರುವುದಾದರೆ ಮೋಟರು ಇಡಲಾಗದು.

ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯಿತಲ್ಲ, ಅದರಲ್ಲಿ ಈ ವಿಷಯಕ್ಕೆ ನೇರವಾದ ಕಾನೂನಿದೆ. ಹೊಸದಾಗಿ ಕೆರೆಕಟ್ಟೆ ಕಟ್ಟಿಸಿದವನಿಗೆ ಐದು ವರ್ಷ ಕರವಿಲ್ಲ. ಒಡೆದು ಪಾಳುಬಿದ್ದದ್ದನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷ. ಇಷ್ಟಕ್ಕೆ ಇವರು ಖುಷಿಪಟ್ಟರು. ಅಲ್ಲೇ ಇರುವ ಇನ್ನೊಂದು ವಾಕ್ಯ ನಾನು ಓದಿದೆ: ಐದು ವರ್ಷ ಬಳಸದೆ ಬಿಟ್ಟ ನೀರಿನ ನೆಲೆಯ ಮೇಲೆ ಒಡೆಯನ ಹಕ್ಕು ಹೋಗುತ್ತದೆ, ಆಪತ್ತಿನ ಕಾಲ ಹೊರತು. ಮೂವತ್ತು ವರ್ಷದ ಬರಗಾಲಕ್ಕಿಂತ ದೊಡ್ಡ ಆಪತ್ತು ಯಾವುದು ಎಂದು ಇವರು ವಾದಿಸಿದರು. ವಾದದಲ್ಲಿ ಇವರೇ ಗೆದ್ದರೆಂದು ನಾನು ಒಪ್ಪುತ್ತೇನೆ. ಆದರೂ ಕೊನೆಗೆ ಮೋಟರು ಇಡಲಿಲ್ಲ. ಶಿಡ್ಲಘಟ್ಟದ ಸಾಹೇಬರು ಎರಡು ಕಬ್ಬಿಣದ ರಾಟೆ ಮಾಡಿಸಿ ತಂದರು. ಒಂದನ್ನು ಮೇಲಿನ ಕೇರಿಯ ಕಡೆಗೆ, ಒಂದನ್ನು ಕೆಳಗಿನ ಕೇರಿಯ ಕಡೆಗೆ ಕಟ್ಟಿದೆವು. ಒಂದೇ ರಾಟೆ ಸಾಕಾಗಿತ್ತು. ಎರಡು ಯಾಕೆ ಬೇಕಾಯಿತು ಎಂಬುದು ಬೇರೆಯೇ ಪ್ರಬಂಧ. ಈಗ ಎರಡು ಕಡೆಯ ಹಗ್ಗವೂ ಒಂದೇ ನೀರಿಗೆ ಇಳಿಯುತ್ತದೆ, ಅಷ್ಟರಮಟ್ಟಿಗೆ ಸರಿ.

2022 ಚೆನ್ನಾಗಿ ಕಳೆಯಿತು. 2023ರಲ್ಲಿ ಮಳೆ ಕೈಕೊಟ್ಟಿತು. ಸರ್ಕಾರ ಬರ ಎಂದು ಸಾರುವ ಹೊತ್ತಿಗೆ ಬಾವಿಯ ನೀರು ಹತ್ತಡಿಗೆ ಇಳಿದಿತ್ತು. ಮರುವರ್ಷದ ಬೇಸಿಗೆಗೆ ಆರು ಅಡಿ. ಆಗ, ಕಲ್ಲು ಕಟ್ಟಿದ್ದ ಬೋವಿಯವರ ಕೊಳವೆ ಬಾವಿ ನಿಂತುಹೋಯಿತು. ಹಿಪ್ಪುನೇರಳೆ ಗಿಡ ಸವರಿ ಚಿಗುರು ಬರುವ ಸಮಯ. ಆ ಸಮಯದಲ್ಲಿ ಎರಡು ಸಲ ನೀರು ತಪ್ಪಿದರೆ ಒಂದು ಬೆಳೆ ಗೂಡು ಹೋಯಿತು.

ಅವರು ಏನೂ ಕೇಳಲಿಲ್ಲ. ದಿನವೂ ನಮ್ಮ ಬಾವಿಯ ಪಕ್ಕದಲ್ಲೇ ಹೊಲಕ್ಕೆ ಹೋಗಿ ಬರುವರು.

ಇವರು ಪುಸ್ತಕ ತೆಗೆದರು. ಹದಿಮೂರು ದಿನದ ಕಲ್ಲು ಕೆಲಸ, ಕೂಲಿ ಪಡೆಯದ್ದು. ಮುಯ್ಯಿ ತೀರಿಸಲು ಇದಕ್ಕಿಂತ ಒಳ್ಳೆಯ ಕಾಲ ಯಾವುದು? ಎರಡು ದಿನದ ಮಟ್ಟಿಗೆ ಮೋಟರು ಬಾಡಿಗೆಗೆ ತಂದರೆ ಆಯಿತು. ಅಂದ ಮಾತು ಮುಗಿಯುವ ಮೊದಲೇ ಇವರ ಕೈ ಲೆಕ್ಕ ಹಾಕತೊಡಗಿತ್ತು. ಅರ್ಧ ಎಕರೆಗೆ ಒಂದು ಅಂಗುಲ ನೀರು ಎಂದರೆ ಸುಮಾರು 50,000 ಲೀಟರು. ನಮ್ಮ ಬಾವಿಯಲ್ಲಿ ಅದು ಎರಡು ಅಡಿ. ನೀರಿಗೆ ಬರುತ್ತಿದ್ದದ್ದು 25 ಮನೆ, ಮನೆಗೆ ಹತ್ತು ಕೊಡ, ಕೊಡಕ್ಕೆ 15 ಲೀಟರು. ಅವರ ಹೊಲಕ್ಕೆ ಒಂದು ಸಲ ನೀರು ಹಾಯಿಸಿದರೆ ಊರಿನ ಹದಿಮೂರು ದಿನದ ನೀರು. ಹದಿಮೂರು ದಿನದ ಕೆಲಸಕ್ಕೆ ಹದಿಮೂರು ದಿನದ ನೀರು, ಲೆಕ್ಕವೇನೋ ವಿಚಿತ್ರವಾಗಿ ತಾಳೆಯಾಯಿತು. ಇವರು ಪೆನ್ಸಿಲು ಕೆಳಗಿಟ್ಟು ಸುಮ್ಮನೆ ಕೂತರು.

ಋಣ ನಮ್ಮಿಬ್ಬರದು, ನೀರು ಇಪ್ಪತ್ತೈದು ಮನೆಯದು. ಎಲ್ಲರದ್ದನ್ನು ತೆಗೆದು ನನ್ನ ಸಾಲ ತೀರಿಸಬಹುದೇ? ನೀರು ನಮ್ಮದೇ ಎಂದು ಮೊದಲೇ ಮೋಟರು ಇಟ್ಟಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಧಾರಾಳವಾಗಿ ಕೊಟ್ಟು, ಉಪಕಾರ ಸ್ಮರಣೆ ಮಾಡಿದ ದೊಡ್ಡವರು ಅನ್ನಿಸಿಕೊಳ್ಳುತ್ತಿದ್ದೆವು. ಎಲ್ಲರಿಗೂ ಎಂದು ಬಿಟ್ಟುಕೊಟ್ಟವರ ಕೈ ತಮ್ಮವರೊಬ್ಬರ ವಿಷಯದಲ್ಲಿ ಕಟ್ಟಿಹೋಗುತ್ತದೆ. ಸಮಾನತೆಯ ಬಗ್ಗೆ ನಾನು ಓದಿದ ಎಷ್ಟೋ ಬರಹಗಳಲ್ಲಿ ಈ ನೋವಿನ ಮಾತು ಬರಲಿಲ್ಲ. ಹಾಗೆಂದು ಅವರ ಹೆಂಡತಿಯೂ ಆ ಇಪ್ಪತ್ತೈದು ಮನೆಯವರಲ್ಲಿ ಒಬ್ಬಾಕೆ. ಬೇರೆಯವರ ಹಾಗೆಯೇ ಹತ್ತು ಕೊಡ ಸೇದಿಕೊಂಡು ಹೋಗುವರು. ಹದಿಮೂರು ದಿನ ಬಾವಿ ಬರಿದಾದರೆ ಅವರ ಮನೆಗೂ ನೀರಿಲ್ಲ.

ಮೋಟರು ತರಲಿಲ್ಲ. ಪಿಂಚಣಿಯ ದುಡ್ಡಿನಲ್ಲಿ ನಾಲ್ಕು ಟ್ಯಾಂಕರು ನೀರು ಅವರ ಹೊಲಕ್ಕೆ ಹೊಡೆಸಿದೆವು. ಟ್ಯಾಂಕರಿಗೆ ಐದು ಸಾವಿರ ಲೀಟರು, ಬೇಕಿದ್ದದ್ದು ಹತ್ತು. ಅವರು ಬೇಡ ಎನ್ನಲಿಲ್ಲ, ಸಂತೋಷ ಎಂದೂ ಹೇಳಲಿಲ್ಲ. ಕೊಡದಲ್ಲಿ ಗಿಡದ ಬುಡಬುಡಕ್ಕೆ ಹಾಕಿಕೊಂಡರು. ಕೆಳಗಿನ ಕಾಲು ಎಕರೆ ಉಳಿಯಿತು, ಮಿಕ್ಕದ್ದು ಒಣಗಿತು. ಆ ಸಲ ಅವರು ಮೊಟ್ಟೆ ತರಲಿಲ್ಲ, ಇದ್ದ ಸೊಪ್ಪನ್ನು ಮಾರಿದರು. ಎರಡು ತಿಂಗಳು ನಮ್ಮ ಮನೆಯ ಕಡೆ ಬರಲಿಲ್ಲ. ಮುನಿಸೋ, ಕೆಲಸವೋ, ನಾನು ಕೇಳಲಿಲ್ಲ. ಇವರು ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಟ್ಯಾಂಕರಿನ ದುಡ್ಡನ್ನು ಬರೆದು, ಆಮೇಲೆ ಅಳಿಸಿದ್ದನ್ನು ಮಾತ್ರ ನೋಡಿದೆ. ಕಾಗದ ಆ ಜಾಗದಲ್ಲಿ ಸವೆದು ತೆಳ್ಳಗಾಗಿದೆ.

2024ರ ಮುಂಗಾರು ಬಂದ ಮೇಲೆ ಒಂದು ಸಂಜೆ ಅವರು ಬಂದು ಜಗಲಿಯ ಮೇಲೆ ಕೂತರು. ಕಾಫಿ ಕುಡಿದರು. ಊರಿನ ಮಾತೆಲ್ಲ ಆಯಿತು. ಏಳುವ ಮುಂಚೆ ಹೇಳಿದರು, "ಮೇಷ್ಟ್ರೇ, ಹುಳುಮನೆಗೆ ಒಂದು ಗೋಡೆ ಎಬ್ಬಿಸ್ತಾ ಇದೀನಿ. ಆಳು ಸಿಗ್ತಾ ಇಲ್ಲ. ಭಾನುವಾರ ನೀವಿಬ್ರೂ ಬರ್ಬೇಕು. ಟೀಚರಮ್ಮ ಅಡಿಗೆ ಕಡೆ ನೋಡ್ಕೊಂಡ್ರೆ ಸಾಕು, ನೀವು ಮರಳು ಜರಡಿ ಹಿಡೀರಿ."

ಹೋದೆವು. ಶಿಡ್ಲಘಟ್ಟದ ಸಾಹೇಬರೂ ಸುದ್ದಿ ತಿಳಿದು ಅನ್ನದ ಡಬರಿಯೊಂದಿಗೆ ಬಂದಿದ್ದರು. ಮೂರು ದಿನ ಜರಡಿ ಹಿಡಿದು ಇವರಿಗೆ ಭುಜ ಎತ್ತಲಾಗುತ್ತಿರಲಿಲ್ಲ. ರಾತ್ರಿ ನೀಲಗಿರಿ ಎಣ್ಣೆ ತಿಕ್ಕಿಸಿಕೊಳ್ಳುತ್ತ, ನಾಳೆಗೂ ಬರಬೇಕಂತೆ, ಗೋಡೆ ಇನ್ನೂ ಕಿಟಕಿಯ ಮಟ್ಟಕ್ಕೆ ಬಂದಿಲ್ಲ ಎಂದರು.